ಕೌದಿ ಕೆರೆದ ಸರದಾರ

ನಾಯಿ ಮಾಡುವ ಕಿತಾಪತಿಯನ್ನಾದರೂ ತಡೆದುಕೊಳ್ಳಬಹುದು, ನಾಯಿಯ ವಕಾಲತ್ತು ವಹಿಸುವ ಗಂಡನನ್ನು ತಡೆದುಕೊಳ್ಳುವುದು ಹೇಗೆ? ಚಿಗಳ್ಳಿಯ ಶಿವಗಂಗವ್ವನಿಗೆ ಅದೇ ಚಿಂತೆ.

ಮೊದಲ ಮೊಮ್ಮಗಳ ತೊಟ್ಟಿಲಿಗೆಂದು ಹಳೆಯ ಸೀರೆಗಳನ್ನು ಜೋಡಿಸಿ ಮೂರು ತಿಂಗಳು ಹೊಲಿದ ಕೌದಿ ಸೋಮವಾರ ಮುಗಿದಿತ್ತು. ಮಂಗಳವಾರವೇ ಮನೆಯ ನಾಯಿ ಸರದಾರ ಅದರ ಮೇಲೆ ಮೂರು ಸುತ್ತು ಹಾಕಿ, ಮುಂಗಾಲಿನಿಂದ ಪರಪರ ಕೆರೆದು ಒಂದು ಮೂಲೆ ಹರಿಯಿತು. ಓಡಿಸಿ ಹೊಲಿದಳು. ಬುಧವಾರ ಮತ್ತೆ ಅದೇ ಮೂಲೆ. ಗುರುವಾರವೂ ಅದೇ. ನಾಳೆ ಸೊಸೆ ಐಶ್ವರ್ಯಾ ದಾಂಡೇಲಿಯ ತವರಿನಿಂದ ಕೂಸು ಎತ್ತಿಕೊಂಡು ಬರುವವಳು!

"ಅದರ ಹುಟ್ಟುಗುಣ ಲೇ," ಎಂದ ಗಂಡ ಈಶಪ್ಪ. (ಮೊಬೈಲು ಕೈಗೆ ಬಂದಂದಿನಿಂದ ಅವನು ಶ್ವಾನಶಾಸ್ತ್ರ ಪಾರಂಗತ.) "ನಾಯಿ ಅಜ್ಜ-ಮುತ್ತ್ಯಾ ತ್ವಾಳ. ಅಡವ್ಯಾಗ ಹುಲ್ಲು ತುಳದು, ಕೆರದು ಹಾಸಿಗಿ ಮಾಡ್ಕೊಂತಿತ್ತು."

"ಅದರ ಮುತ್ತ್ಯಾಗ ಇಡೀ ಜೋಯಿಡಾ ಅಡವಿ ಇತ್ರೀ. ನನ್ನ ಮೊಮ್ಮಗಳಿಗೆ ಇರೂದು ಒಂದ ಕೌದಿ! ರಜಾಕಗ ಹೇಳೇನಿ, ಇವತ್ತ ಬಂದು ಒಯ್ತಾನ."

ಮುಂಡಗೋಡಿನಲ್ಲಿ ಗ್ಯಾರೇಜು ಇಟ್ಟಿದ್ದ ಅಬ್ದುಲ್ ರಜಾಕನಿಗೆ ಕಾವಲಿಗೊಂದು ನಾಯಿ ಬೇಕಾಗಿತ್ತು. ಈಶಪ್ಪ ಸರದಾರನ ಬೆನ್ನು ನೇವರಿಸತೊಡಗಿದ. ಒಂಬತ್ತು ವರ್ಷ ಸಾಕಿದ ಜೀವ. ಶಿವಗಂಗವ್ವನೂ ಅದಕ್ಕೊಂದು ರೊಟ್ಟಿ ಹೆಚ್ಚು ಹಾಕಿದಳು. ಆದರೆ ಆಡಿದ ಮಾತು ನುಂಗುವವಳು ಅವಳಲ್ಲ.

ರಜಾಕ ಹಗ್ಗ ಹಿಡಿದೇ ಬಂದ. ಕೌದಿಯನ್ನು ಕಂಡು, ಕೆಟ್ಟ ಇಂಜಿನ್ನು ನೋಡುವವನಂತೆ ಬಗ್ಗಿದ.

"ಅವ್ವಾರ, ಹಾಸಿಗಿ ಮಾಡೂ ನಾಯಿ ನಡುವ ಕೆರೀಬೇಕಲ್ರಿ? ದಿನಾ ಇದ ಮೂಲಿನ ಯಾಕ? ಗಾಡಿ ಒಂದ ಕಡೆ ಸಪ್ಪಳ ಮಾಡಿದ್ರ ನಾವು ಬಿಚ್ಚಿ ನೋಡ್ತೇವ್ರಿ."

"ಬಿಚ್ಚೂದು ಗಿಚ್ಚೂದು ಏನೂ ಬ್ಯಾಡ!" ಎಂದಳು ಶಿವಗಂಗವ್ವ. (ಅವಳಿಗೆ ಆಗಲೇ ಏನೋ ಹೊಳೆದಿತ್ತು.)

ಅಷ್ಟರಲ್ಲಿ ಈಶಪ್ಪ ಹರಕಿನೊಳಗೆ ಬೆರಳು ತೂರಿಸಿದ್ದ. ಹೊರಗೆ ಬಂದದ್ದು ತುಪ್ಪ ಸವರಿದ ಅರ್ಧ ಹೋಳಿಗೆ!

ಕೌದಿಯ ಹೊಟ್ಟೆಯನ್ನು ಹಸಿದಂತೆಯೇ ಮುಚ್ಚಬಾರದು, ಕೊನೆಯ ಮೂಲೆಯೊಳಗೆ ತುಸು ತಿನಿಸು ಇಟ್ಟು ಹೊಲಿಯಬೇಕು ಎಂಬುದು ಹಿರಿಯರ ಪದ್ಧತಿ. ಉಳಿದವರು ನಾಲ್ಕು ಅಕ್ಕಿಕಾಳು ಇಡುತ್ತಾರೆ. ಮೊದಲ ಮೊಮ್ಮಗಳೆಂಬ ಉಮೇದಿನಲ್ಲಿ ಶಿವಗಂಗವ್ವ ಕೈ ಬಿಗಿಹಿಡಿದಿರಲಿಲ್ಲ. ಏಳು ಪದರ ಸೀರೆ ದಾಟಿ ನಾಯಿಯ ಮೂಗು ಹೋಗುತ್ತದೆಂದು ಯಾರು ಕಂಡಿದ್ದರು?

"ಸೋಮವಾರದ ಹೋಳ್ಗಿ," ಎಂದ ಈಶಪ್ಪ, ನ್ಯಾಯಾಧೀಶನ ಗತ್ತಿನಲ್ಲಿ. "ನಾ ಇನ್ನೊಂದು ಕೇಳಿದ್ರ 'ತೀರಿದ್ವು, ನಿಮಗ ಸಕ್ಕರಿ ರೋಗ ಐತಿ' ಅಂದಿದ್ದಿ."

"ಕೌದಿಗೆ ಸಕ್ಕರಿ ರೋಗ ಇಲ್ಲಲ್ರೀ!"

ರಜಾಕ ನಗುತ್ತ ಹಗ್ಗ ಸುತ್ತಿಟ್ಟ. "ಇಂಥಾ ತುಪ್ಪದ ವಾಸನಿಗೆ ನಾನೂ ಕೆರೀತಿದ್ನಿ ಬಿಡ್ರಿ ಅವ್ವಾರ."

ನಾಲ್ಕು ಅಕ್ಕಿಕಾಳು ಹಾಕಿ ಶಿವಗಂಗವ್ವ ಮೂಲೆ ಮುಚ್ಚಿದಳು. ಸರದಾರ ಮೂಸಿ ನೋಡಿ, ನಿಟ್ಟುಸಿರು ಬಿಟ್ಟು, ಬರೀ ನೆಲದ ಮೇಲೆ ಮೂರು ಸುತ್ತು ಹಾಕಿ ಮಲಗಿತು. ಅವಳ ಎದೆಯೂ ಹಗುರವಾಯಿತು.

ಆ ನೆಮ್ಮದಿ ಮುಂದಿನ ಹಬ್ಬದವರೆಗೆ ಮಾತ್ರ. ಈಗ ಹೋಳಿಗೆ ಬೇಯುವಾಗ ಅಡುಗೆಮನೆಯ ಬಾಗಿಲಲ್ಲಿ ಮೂರು ಸುತ್ತು ಹಾಕಿ ಚೌಕಟ್ಟು ಕೆರೆಯುವವರು ಇಬ್ಬರು. ಬೈಯಲು ಬಾಯಿ ತೆರೆದರೆ ಅವರಲ್ಲಿ ಎರಡು ಕಾಲಿನವನು ಹೇಳುತ್ತಾನೆ:

"ಹುಟ್ಟುಗುಣ ಲೇ!"