ಗಾಳಿಗೆ ಜಗ್ಗದ ಮನೆಯ ದರ

ಒಂದು ಮನೆಯ ಬೆಲೆಯನ್ನು ಬರಿಯ ಓದಿನ ಬಲದಿಂದ ಇಳಿಸಬಲ್ಲ ಮನುಷ್ಯ ಶಹಾಪುರದಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬನೇ ಎಂದು ಮೇ ತಿಂಗಳ ಮೊದಲ ಭಾನುವಾರ, ಎರಡನೆಯ ಲೋಟ ಚಹಾ ಮುಗಿಯುವ ಹೊತ್ತಿಗೆ, ಮನೆಯವರೆದುರು ಘೋಷಿಸಿದೆ. ಘೋಷಣೆಗೆ ಆಧಾರವಿತ್ತು. ನಾನು ಕನ್ನಡದ ಸ್ನಾತಕೋತ್ತರ ಪದವೀಧರ. ಹದಿನಾಲ್ಕು ವರ್ಷಗಳಿಂದ ಪದವಿಪೂರ್ವ ಕಾಲೇಜಿನಲ್ಲಿ ಹಳಗನ್ನಡ ಪದ್ಯಗಳನ್ನು ಬಿಡಿಸಿ ಹೇಳುತ್ತಿರುವವನು. ಪದ್ಯದಲ್ಲಿ ಯಾವ ಶಬ್ದ ಅರ್ಥಕ್ಕಾಗಿ ಬಂದಿದೆ, ಯಾವುದು ಕೇವಲ ಪಾದ ತುಂಬುವುದಕ್ಕಾಗಿ ಬಂದಿದೆ ಎಂಬುದನ್ನು ನೋಡಿದ ಕ್ಷಣ ಗುರುತಿಸುತ್ತೇನೆ. ಅಂಥವನಿಗೆ ಒಂದು ಕೊಟೇಶನ್ನಿನಲ್ಲಿ ಪಾದ ತುಂಬಲು ಸೇರಿಸಿದ ಸಾಲುಗಳನ್ನು ಹೊಡೆದುಹಾಕುವುದು ಯಾವ ಮಹಾ ಕೆಲಸ?

ಮನೆ ನಮಗೆ ತುರ್ತಾಗಿ ಬೇಕಿತ್ತು. ನಾವು ಬಾಡಿಗೆಗಿದ್ದ ಮನೆಯ ಒಡತಿ ಕುಬ್ರಾಬೇಗಂ ಅವರ ಮಗಳ ಸಂಸಾರ ಜೂನ್ ಒಂದಕ್ಕೆ ಗುರುಮಠಕಲ್‌ನಿಂದ ಬಂದಿಳಿಯುವುದಿತ್ತು. ಅಷ್ಟರೊಳಗೆ ಸುರಪುರ ರಸ್ತೆಯ ನಮ್ಮ ಖಾಲಿ ಪ್ಲಾಟಿನಲ್ಲಿ ಇಟ್ಟಿಗೆಯ ಮನೆ ಏಳುವುದು ಅಸಾಧ್ಯ. ಕಾರ್ಖಾನೆಯಲ್ಲಿ ಸಿದ್ಧವಾಗಿ, ಲಾರಿಯ ಮೇಲೆ ಕುಳಿತು ಬಂದು, ಇಳಿದ ಕೂಡಲೇ ಮನೆಯಾಗುವ ಮನೆಯೊಂದೇ ದಾರಿ. ಹೆಂಡತಿ ಮಹಾನಂದಾ ಇದಕ್ಕೆ ಒಪ್ಪಿದಳು, ಆದರೆ ಷರತ್ತಿನ ಮೇಲೆ. ಅವಳು ಆಸ್ಪತ್ರೆಯಲ್ಲಿ ನರ್ಸ್. ಮಳೆಗಾಲಕ್ಕೆ ಮುಂಚಿನ ಬಿರುಗಾಳಿ ಊರಿನ ತಗಡುಗಳನ್ನು ಎತ್ತಿ ಎಸೆದಾಗಲೆಲ್ಲ ತಲೆಗಳಿಗೆ ಹೊಲಿಗೆ ಹಾಕುವಾಗ ಪಕ್ಕದಲ್ಲಿ ನಿಲ್ಲುವವಳು ಅವಳೇ.

"ಮನಿ ಗಾಳಿಗಿ ಜಗ್ಗಬಾರದು," ಎಂದಳು. "ಒಂದು ಗಾಳಿ ಬಂದು ಹೋಗಲಿ. ಮನಿ ನೆಟ್ಟಗ ಉಳೀತಂದ್ರ ಸಾಮಾನು ತಗೊಂಡು ಬರ್ತೀನಿ. ಇಲ್ಲಂದ್ರ ಅತ್ತೀನ್ನ ಕರಕೊಂಡು ವನದುರ್ಗಕ್ಕ, ನನ್ನ ತವರುಮನಿಗಿ ಹೋಗ್ತೀನಿ. ನೀವು ನಿಮ್ಮ ಪುಸ್ತಕದ ಕಪಾಟಿನಾಗ ಸಂಸಾರ ಮಾಡ್ರಿ."

ತವರಿಗೆ ಹೋಗುವವಳು ನನ್ನ ತಾಯಿಯನ್ನೇ ಕರೆದೊಯ್ಯುತ್ತೇನೆಂದದ್ದು, ನನ್ನ ತಾಯಿ ಭೀಮವ್ವ ಅದಕ್ಕೆ ತಲೆಯಾಡಿಸಿದ್ದು, ಎರಡೂ ನನಗೆ ಕಾಣಿಸಿದವು. ಆದರೂ ನಾನು ಕುಗ್ಗಲಿಲ್ಲ. ಮರುದಿನವೇ ಯಾದಗಿರಿಯ ಬಸ್ಸು ಹತ್ತಿದೆ.

ಯಾದಗಿರಿಯಲ್ಲಿ ಇಂಥ ಮನೆಗಳ ಏಜೆಂಟ್ ಬಸಲಿಂಗ. ಮೃದುಮಾತಿನ ಯುವಕ; ಎದುರಿಗೆ ಕುಳಿತವನ ಕನಸನ್ನು ಅಡಿಗಳಲ್ಲಿ ಅಳೆಯುವವನು. "ಮನಿ ರೇಟು ಎಷ್ಟಪ್ಪಾ?" ಎಂದು ಕೇಳಿದೆ.

"ಸರ್, ರೇಟು ಮನಿಗಿ ಇರಂಗಿಲ್ಲ, ಗಾಳಿಗಿ ಇರ್ತದ. ನಿಮಗ ಎಷ್ಟು ಗಾಳಿ ತಡೀಬೇಕು, ಅದು ಹೇಳ್ರಿ. ಆಮ್ಯಾಲ ಮನಿ ಮಾತಾಡೋಣ್ರಿ."

ಗಾಳಿಯನ್ನು ತೂಗಿ ಬೆಲೆ ಕಟ್ಟುವ ಅಂಗಡಿ ಈ ಲೋಕದಲ್ಲಿದೆ, ಅದೂ ಯಾದಗಿರಿ ಸ್ಟೇಷನ್ನಿನ ಬಳಿ ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅವನು ವಿವರಿಸುತ್ತ ಹೋದ. ಗಾಳಿಯ ವೇಗ ಹೆಚ್ಚೆಂದು ಹಿಡಿದರೆ ಉಕ್ಕು ದಪ್ಪವಾಗಬೇಕು. ಉಕ್ಕು ದಪ್ಪವಾದರೆ ಲಾರಿ ದೊಡ್ಡದಾಗಬೇಕು. ಕಾರ್ಖಾನೆ ಹೈದರಾಬಾದಿನ ಕಡೆ ಇರುವುದರಿಂದ ದೊಡ್ಡ ಲಾರಿಯ ಪ್ರತಿಯೊಂದು ಮೈಲಿಯೂ ಗೋಡೆಯ ಬೆಲೆಯೊಳಗೆ ಸೇರುತ್ತದೆ. ಚಾವಣಿ ನಾಲ್ಕೂ ಕಡೆ ಇಳಿಜಾರಾಗಿದ್ದರೆ ಗಾಳಿ ಜಾರಿಹೋಗುತ್ತದೆ, ಆದರೆ ಅದನ್ನು ಮಾಡುವ ಖರ್ಚು ಏರಿಹೋಗುತ್ತದೆ.

"ಸೂರು ಮುಂದಕ ಚಾಚಿರಲಿ," ಎಂದೆ. ಸಂಜೆಯ ಹೊತ್ತು ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತ ನನ್ನನ್ನು ನಾನೇ ಕಾಣುತ್ತಿದ್ದೆ.

"ಸೂರು ಅಂದ್ರ ಗಾಳಿಗಿ ಹಿಡಿಕಿ ಕೊಟ್ಟಂಗ್ರಿ ಸರ್. ಹಿಡಿಕಿ ಉದ್ದ ಮಾಡಿದ್ರ ರೇಟೂ ಉದ್ದ ಆಗ್ತದ. ಕಿಟಕಿ ಎಷ್ಟು?"

"ಬೆಟ್ಟದ ಕಡೀಗಿ ಮೂರು."

"ಗ್ವಾಡಿಗಿ ತೂತು ಮಾಡಿದಷ್ಟೂ ಗ್ವಾಡಿ ಸಡ್ಲ ಆಗ್ತದ್ರಿ. ಒಂದೊಂದು ಕಿಟಕಿ ಸುತ್ತ ಬ್ಯಾರೆ ಕಬ್ಬಿಣ ಕೊಡಬೇಕು. ಬೆಟ್ಟ ನೋಡಾಕ ಒಂದು ಸಾಕಾಗಂಗಿಲ್ಲೇನ್ರಿ?"

"ಬುದ್ಧ ಉದ್ದಕ ಮಲಗ್ಯಾನಲ್ಲಪ್ಪಾ. ತಲಿಗೊಂದು, ಎದಿಗೊಂದು, ಪಾದಕ್ಕೊಂದು ಬೇಕಾಗ್ತದ."

ನಮ್ಮ ಪ್ಲಾಟಿನಿಂದ ನೋಡಿದರೆ ಶಹಾಪುರದ ಬೆಟ್ಟಗಳ ಸಾಲು ಬುದ್ಧ ಅಂಗಾತ ಮಲಗಿದಂತೆಯೇ ಕಾಣುತ್ತದೆ. ಬಸಲಿಂಗ ಪೆನ್ನು ಹಿಡಿದು ಸ್ವಲ್ಪ ಹೊತ್ತು ನನ್ನನ್ನು ನೋಡಿದ. "ಹಂಗಾದ್ರ ಮೂರು ಬರಕೋತೀನ್ರಿ," ಎಂದ.

ಮರಳುವ ಬಸ್ಸು ಭೀಮೆಯ ಸೇತುವೆ ದಾಟುವಾಗ ಕೊಟೇಶನ್ ತೊಡೆಯ ಮೇಲಿತ್ತು. ನದಿಯಲ್ಲಿ ನೀರಿಗಿಂತ ಬೆಳಕೇ ಹೆಚ್ಚು ಹರಿಯುತ್ತಿತ್ತು. ಬಿಳಿಯ ಮನೆಯೊಂದು ಆ ಬೆಳಕಿನ ಮೇಲೆ ನನ್ನ ಜೊತೆಯಲ್ಲೇ ತೇಲಿ ಬರುತ್ತಿರುವಂತೆ ಭಾಸವಾಯಿತು. ಅಂಥ ಮನಃಸ್ಥಿತಿಯಲ್ಲಿ ಯಾವ ಸಾಲನ್ನೂ ಹೊಡೆದುಹಾಕಲು ಕೈ ಬರಲಿಲ್ಲ. ಆ ಅವಕಾಶವನ್ನು ಒದಗಿಸಿದವಳು ಅವ್ವ.

ಮನೆ ಬರುವುದು ಮೂರನೆಯ ವಾರದ ಗುರುವಾರ ಎಂದು ಗೊತ್ತಾಯಿತು. ಅವ್ವ ಕೇಳಿಕೊಂಡು ಬಂದ ಭೂಮಿಪೂಜೆಯ ಮುಹೂರ್ತ ಅದರ ನಂತರದ ಸೋಮವಾರ. ಲೋಕದ ಮನೆಗಳೆಲ್ಲ ಪೂಜೆಯಾದ ಮೇಲೆ ಹುಟ್ಟುತ್ತವೆ. ನಮ್ಮದು ಹುಟ್ಟಿ, ಬೆಳೆದು, ಬಣ್ಣ ಬಳಿದುಕೊಂಡು ಪೂಜೆಗಾಗಿ ಕಾಯಬೇಕಾಗಿತ್ತು. ನಾಲ್ಕು ದಿನದ ಮಟ್ಟಿಗೆ ಮನೆಯನ್ನು ಗೂಟ ಮತ್ತು ಉಕ್ಕಿನ ಹಗ್ಗದಿಂದ ಬಿಗಿಯೋಣ ಎಂದು ಬಸಲಿಂಗ ಫೋನಿನಲ್ಲಿ ಸೂಚಿಸಿದ. ಅವ್ವನ ಕಿವಿಗೆ ಅದು ಬಿತ್ತು.

"ಪೂಜಿ ಇಲ್ಲದ ನೆಲಕ್ಕ ಗೂಟ ಬಡಿತೀಯೇನೋ ಮಲ್ಲು? ಮನಿ ಇಡು, ಬ್ಯಾಡ ಅನ್ನಂಗಿಲ್ಲ. ನೆಲಕ್ಕ ಚುಚ್ಚಬ್ಯಾಡ."

"ಇಟ್ಟರ ಭೂಮಿತಾಯಿಗಿ ತಿಳಿಯಂಗಿಲ್ಲೇನು?"

"ಕುಂತದ್ದು ಬ್ಯಾರೆ, ಚುಚ್ಚಿದ್ದು ಬ್ಯಾರೆ. ಕಾಲೇಜಿನಾಗ ಇದೂ ಕಲಸಿಲ್ಲೇನು ನಿನಗ?"

ಆಧುನಿಕ ಮನೋಧರ್ಮದವನಾದ ನಾನು ವಾದ ಮುಂದುವರಿಸಬಹುದಿತ್ತು. ಆದರೆ ಆ ಕ್ಷಣದಲ್ಲಿ ಅವ್ವನ ನಂಬಿಕೆಗೂ ನನ್ನ ಉಳಿತಾಯಕ್ಕೂ ಇರುವ ಗುಪ್ತ ಸಾಮರಸ್ಯ ಹೊಳೆಯಿತು. ಗೂಟ ಬೇಡವಾದರೆ ಗೂಟದ ಸಾಲು ಹೋಯಿತು. ಬೋಲ್ಟು, ಕಾಂಕ್ರೀಟು ಸೋಮವಾರಕ್ಕೆ ಉಳಿದವು. ಇನ್ನು ಪೂಜೆಯಾದ ಮೇಲೆ ಎರಡನೆಯ ಬಾರಿಗೆ ಕ್ರೇನ್ ಬಂದು ಮನೆಯನ್ನು ಬುನಾದಿಯ ಮೇಲೆ ಕೂರಿಸುವ ಸಾಲು. ಅದನ್ನೂ ಹೊಡೆದೆ. ಬದಲಿಗೆ ನನ್ನದೇ ಒಂದು ಉಪಾಯ ಬರೆದೆ: ಮನೆಯನ್ನು ಕೊಳವೆಬಾವಿಯ ಆರು ಕಬ್ಬಿಣದ ಪೈಪುಗಳ ಮೇಲೆ ಇಳಿಸುವುದು, ಸೋಮವಾರ ಬೆಳಿಗ್ಗೆ ನಾಲ್ಕು ಜನ ಸೇರಿ ಕೈಯಿಂದ ತಳ್ಳಿದರೆ ಅದು ಉರುಳಿಕೊಂಡು ತನ್ನ ಜಾಗಕ್ಕೆ ಹೋಗಿ ಕೂರುವುದು.

ತಿದ್ದಿದ ಕೊಟೇಶನ್ನನ್ನು ಬಸಲಿಂಗನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನು, "ಇದು ನಿಮ್ಮ ತಲ್ಯಾಗಿಂದ ಬಂದದ್ದೇನ್ರಿ ಸರ್?" ಎಂದು ಕೇಳಿದ. ನಾನು ವಿನಯದಿಂದ ಹೌದೆಂದೆ.

ಗುರುವಾರ ಮನೆ ಬಂತು. ಸುರಪುರ ರಸ್ತೆಯ ಮೇಲೆ, ಬೆಳಗಿನ ಬಿಸಿಲಿನಲ್ಲಿ, ಲಾರಿಯ ಬೆನ್ನೇರಿದ ಬಿಳಿಯ ಮನೆ. ಅದರ ಮೂರು ಕಿಟಕಿಗಳಲ್ಲಿ ಬೇವಿನ ಮರಗಳು ಒಂದೊಂದಾಗಿ ಹಾದುಹೋಗುತ್ತಿದ್ದವು. ಗೋಡೆಗಳಿಗೆ ಇನ್ನೂ ಯಾರ ಮಾತೂ ಅಂಟಿರಲಿಲ್ಲ. ಕ್ರೇನ್ ಅದನ್ನು ಎತ್ತಿ ಗಾಳಿಯಲ್ಲಿ ಒಂದು ನಿಮಿಷ ತೂಗಿದಾಗ, ಮದುಮಗಳನ್ನು ಮೊದಲ ಸಲ ಕಂಡವನಂತೆ ನಾನು ಅಂಗಿಯ ಗುಂಡಿ ಸರಿಮಾಡಿಕೊಂಡೆ. ಪೈಪುಗಳ ಮೇಲೆ ಇಳಿಸಿ, ಇಳಿಜಾರಿನ ಕಡೆಗೆ ಎರಡು ದೊಡ್ಡ ಕಲ್ಲುಗಳನ್ನು ಒತ್ತುಕೊಟ್ಟು, ಬಸಲಿಂಗ ನನ್ನನ್ನು ಪಕ್ಕಕ್ಕೆ ಕರೆದ.

"ಸೋಮವಾರ ಬೋಲ್ಟ್ ಹಾಕಿದ ಮ್ಯಾಲ ಆನಿ ಜಗ್ಗಿದ್ರೂ ಈ ಮನಿ ಬರಂಗಿಲ್ರಿ. ಅಲ್ಲೀತನ ಇದು ಮನಿ ಅಲ್ಲ, ಬಂಡಿ. ಕಲ್ಲು ಮುಟ್ಟಬ್ಯಾಡ್ರಿ."

ಮುಟ್ಟುವ ಉದ್ದೇಶ ನನಗೆ ಖಂಡಿತ ಇರಲಿಲ್ಲ. ಆದರೆ ಶನಿವಾರ ಮಧ್ಯಾಹ್ನ ಅವ್ವ ಮನೆ ನೋಡಲು ಬಂದಳು. ಪೈಪುಗಳ ಮೇಲೆ ಕುಳಿತ ಮನೆಯ ಬಾಗಿಲು ನೆಲದಿಂದ ಮೊಣಕಾಲಿಗಿಂತ ಎತ್ತರದಲ್ಲಿತ್ತು. ಅವಳು ಒಂದು ಕಾಲು ಎತ್ತಿ, ಇಳಿಸಿ, "ಮಗನ ಮನಿ ಹತ್ತಾಕ ನಿಚ್ಚಣಿಕಿ ತರಬೇಕೇನೋ?" ಎಂದಳು. ಸುತ್ತ ನೋಡಿದೆ. ಬಯಲು. ಮೆಟ್ಟಿಲಿಗೆ ಯೋಗ್ಯವಾದ ಚಪ್ಪಟೆ ಕಲ್ಲುಗಳು ಆ ಬಯಲಿನಲ್ಲಿ ಎರಡೇ ಎರಡಿದ್ದವು. ಅವನ್ನು ಎಳೆದು ತಂದು ಬಾಗಿಲ ಕೆಳಗೆ ಜೋಡಿಸಿದೆ. ಮನೆ ಒಂದು ಎಳ್ಳಿನಷ್ಟೂ ಅಲುಗಲಿಲ್ಲ. ಏಜೆಂಟರ ಮಾತುಗಳಲ್ಲಿ ಉತ್ಪ್ರೇಕ್ಷೆ ಎಷ್ಟಿರುತ್ತದೆ ಎಂದುಕೊಂಡೆ. ಅವ್ವ ಮಹಾರಾಣಿಯಂತೆ ಹತ್ತಿ, ಒಳಗೆ ಅಡ್ಡಾಡಿ, ಗೋಡೆ ತಟ್ಟಿ, "ಛಲೋ ಅದ" ಎಂದು ಹೇಳಿ ಆಟೋದಲ್ಲಿ ಮರಳಿದಳು. ನಾನು ಕಾವಲಿನ ನೆಪ ಹೇಳಿ ಚಾಪೆ ಹಾಸಿ ಮಲಗಿದೆ.

ನಾಲ್ಕರ ಸುಮಾರಿಗೆ ಬೆಳಕು ಅರಿಸಿನದ ಬಣ್ಣಕ್ಕೆ ತಿರುಗಿತು. ಎಲ್ಲಿಂದಲೋ ಧೂಳಿನ ವಾಸನೆ. ದೂರದಲ್ಲಿ ಯಾರೋ ದಪ್ಪ ಬಟ್ಟೆ ಹರಿದಂಥ ಸದ್ದು. ನಿದ್ದೆ, ಎಚ್ಚರಗಳ ನಡುವಿನ ಆ ಮೃದುವಾದ ಗಡಿಯಲ್ಲಿ ನಾನು ಕಿಟಕಿಗಳ ಕಡೆ ನೋಡುತ್ತಿದ್ದೆ. ಮೂರನೆಯ ಕಿಟಕಿಯಲ್ಲಿದ್ದ ಬುದ್ಧನ ಪಾದಗಳು ನಿಧಾನವಾಗಿ ಎರಡನೆಯ ಕಿಟಕಿಗೆ ಬಂದವು. ಎದೆ ಮೊದಲನೆಯದಕ್ಕೆ ಸರಿಯಿತು. ತಲೆ ಚೌಕಟ್ಟಿನಾಚೆ ಮರೆಯಾಯಿತು. ಬುದ್ಧ ಮಗ್ಗಲು ಬದಲಿಸುತ್ತಿದ್ದಾನೆ ಎಂದುಕೊಂಡೆ. ಎರಡೂವರೆ ಸಾವಿರ ವರ್ಷಗಳ ನಂತರ, ನನ್ನ ಮನೆಯ ಕಿಟಕಿಯಲ್ಲಿ! ನನ್ನ ಕೆಳಗೆ ಕಬ್ಬಿಣ ತಾಯಿಯಂತೆ ಗುನುಗುತ್ತಿತ್ತು. ಒಂದು ಬೇವಿನ ಮರ ಬಂದು, ನಮಸ್ಕಾರ ಮಾಡಿದಂತೆ ಬಾಗಿ, ಹೋಯಿತು. ಮನೆ ಎಂದರೆ ಹೀಗಿರಬೇಕು ಎಂಬ ತೃಪ್ತಿಯಲ್ಲಿ ಕಣ್ಣು ಮುಚ್ಚುವಷ್ಟರಲ್ಲಿ ಒಂದು ಕರೆಂಟಿನ ಕಂಬ ನಡೆದುಹೋಯಿತು. ಬೆಟ್ಟ ಚಲಿಸುವುದನ್ನು ಕಾವ್ಯದಲ್ಲಿ ಒಪ್ಪಬಹುದು. ಕರೆಂಟಿನ ಕಂಬ ನಡೆಯುವುದಕ್ಕೆ ಅವಕಾಶ ಕೊಟ್ಟ ಅಲಂಕಾರ ಯಾವುದೂ ನನಗೆ ನೆನಪಾಗಲಿಲ್ಲ. ಧಡಕ್ಕನೆ ಎದ್ದು ಕುಳಿತೆ.

ಅದೇ ಹೊತ್ತಿಗೆ ಮನೆಯೂ ಧಡಕ್ಕನೆ ನಿಂತಿತು. ಪೈಪುಗಳು ಹಿಂದೆ ಉಳಿದಿದ್ದವು. ನಾನು ಮತ್ತು ಮನೆ ಇಪ್ಪತ್ತು ಹೆಜ್ಜೆ ಪ್ರಯಾಣ ಮಾಡಿ ಪಕ್ಕದ ಹೊಲದ ಒಡ್ಡಿಗೆ ಬಂದು ಒರಗಿದ್ದೆವು. ಹೊರಗೆ ಆಲಿಕಲ್ಲು ಶುರುವಾಗಿತ್ತು. ಗಾಳಿ ಈಗ ಸೂರಿಗೆ ಕೈ ಹಾಕಿತು. ಮನೆಯ ಒಂದು ಅಂಚು ಗೇಣಿನಷ್ಟು ಮೇಲೆದ್ದು ಇಳಿಯಿತು. ಮತ್ತೆ ಎದ್ದಿತು. ಚಾಪೆ ನನ್ನ ಸಮೇತ ಗೋಡೆಯವರೆಗೆ ಜಾರಿಹೋಯಿತು. ಆಗ ಬಾಗಿಲು ತೆರೆಯಿತು. ಕಂಬಳಿ ಹೊದ್ದ ಒಬ್ಬ ಮನುಷ್ಯ, ಅವನ ಕಾಲ ಸಂದಿಯಿಂದ ಇಣುಕುವ ಕುರಿಗಳು. ಹೊಲದ ಒಡೆಯ ಚಂದ್ರಾಮಪ್ಪ.

"ಸರ, ನಿಮ್ಮ ಮನಿ ನಮ್ಮ ಹೊಲಕ್ಕ್ಯಾಕ ಬಂದದ?"

"ಗಾಳಿಗಿ ಬಂತ್ರಿ."

"ನಮ್ಮ ಕುರೀನೂ ಗಾಳಿಗೇ ಬಂದಾವ. ಜರಾ ಸರೀರಿ."

ಹತ್ತು ಕುರಿಗಳು ಒಳಗೆ ನುಗ್ಗಿದವು. ಎದ್ದಿದ್ದ ಅಂಚು ನಿಧಾನವಾಗಿ ಕೆಳಗಿಳಿಯಿತು. ಇನ್ನೂ ಹತ್ತು ಬಂದವು. ಮನೆಯ ನಡುಕ ಕಡಿಮೆಯಾಯಿತು. ನನಗೆ ಭೌತಶಾಸ್ತ್ರ ಗೊತ್ತಿಲ್ಲ. ಆದರೆ ಉಪಕಾರ ಎಂದರೆ ಏನೆಂದು ಗೊತ್ತು.

"ಇನ್ನಾ ಅದಾವೇನ್ರಿ ಚಂದ್ರಾಮಪ್ಪ?"

"ಇನ್ನಾ ಇಪ್ಪತ್ತೆರಡು ಅದಾವ. ನಿಮಗ ಹೊಲಸಾಗ್ತದಂತ..."

"ಹೊಲಸಿನ ಮಾತು ಬಿಡ್ರಿ. ಎಲ್ಲಾ ಕರೀರಿ. ಟಗರೂ ಕರೀರಿ."

ಗೃಹಪ್ರವೇಶಕ್ಕೆ ಯಾರನ್ನೂ ನಾನು ಅಷ್ಟು ಅಂತಃಕರಣದಿಂದ ಕರೆದಿಲ್ಲ. ನಲವತ್ತೆರಡು ಕುರಿ, ಒಂದು ಟಗರು, ಚಂದ್ರಾಮಪ್ಪ, ನಾನು. ಹಸಿ ಉಣ್ಣೆಯ ಬೆಚ್ಚನೆಯ ವಾಸನೆಯಲ್ಲಿ, ಬಿಳಿಯ ಗೋಡೆಗಳ ನಡುವೆ, ಎಲ್ಲರೂ ಒಟ್ಟಿಗೆ ಉಸಿರಾಡುತ್ತ ನಿಂತೆವು. ಗಾಳಿ ಮತ್ತೆರಡು ಸಲ ಬಂದು ಸೂರು ಹಿಡಿದು ಎಳೆಯಿತು. ಮನೆ ಅಲುಗಲಿಲ್ಲ. ಅರ್ಧ ಗಂಟೆಯಲ್ಲಿ ಆಕಾಶ ತೊಳೆದಿಟ್ಟ ತಟ್ಟೆಯಂತಾಯಿತು.

ಮಹಾನಂದಾ ಆಸ್ಪತ್ರೆಯಿಂದ ನೇರವಾಗಿ ಸ್ಕೂಟಿಯಲ್ಲಿ ಪ್ಲಾಟಿಗೆ ಬಂದಳು. ಅಲ್ಲಿ ಆರು ಪೈಪುಗಳೂ ಎರಡು ಮೆಟ್ಟಿಲುಗಳೂ ಇದ್ದವು. ಬಳಿಕ ಕೆಸರು ದಾಟಿ ನಮ್ಮ ಕಡೆ ನಡೆದು ಬಂದಳು. ನಾನು ನಡುವಿನ ಕಿಟಕಿಯಿಂದ ಮುಖ ತೋರಿಸಿದೆ. ಬಾಗಿಲಿಗೂ ನನಗೂ ನಡುವೆ ಟಗರು ಅಡ್ಡ ನಿಂತಿತ್ತು.

"ನಮ್ಮ ಮನಿ ಎಲ್ಲದ ಅಂತ ರಸ್ತೆದಾಗ ಕೇಳಿದೆ," ಎಂದಳು. "'ಈಗ ಹಿಂಗ ಹೋತ್ರಿ' ಅಂತ ಕೈ ಮಾಡಿದ್ರು."

ಅವಳು ರೋಗಿಯನ್ನು ಪರೀಕ್ಷಿಸುವವಳಂತೆ ಮನೆಯನ್ನು ಒಂದು ಸುತ್ತು ಹಾಕಿದಳು. ಮೂಲೆ ಒತ್ತಿದಳು, ಗಾಜು ತಟ್ಟಿದಳು, ಚಾವಣಿಯ ಕಡೆ ನೋಡಿದಳು. ವನದುರ್ಗದ ಬಸ್ಸಿನ ಹಾರ್ನ್ ನನ್ನ ಕಿವಿಯಲ್ಲಿ ಕೇಳಿಸತೊಡಗಿತು.

"ಒಂದು ಮೊಳಿ ಸೈತ ಸಡ್ಲ ಆಗಿಲ್ಲ," ಎಂದಳು ಕೊನೆಗೆ. "ಮನಿ ಪಾಸ್. ನೀವು ಫೇಲ್. ಎಲ್ಲಿ ಆ ಕಾಗದ? ಹೊಡೆದುಹಾಕಿದ್ದೆಲ್ಲಾ ತಿರುಗಿ ಬರೀರಿ."

ಕುರಿಯೊಂದರ ಬೆನ್ನಿನ ಮೇಲೆ ಕಾಗದವಿಟ್ಟು ಗೂಟ, ಹಗ್ಗ, ಕ್ರೇನ್ ಎಂದು ಮತ್ತೆ ಬರೆದೆ. ಅವಳು ಅವ್ವನಿಗೆ ಫೋನ್ ಮಾಡಿದಳು. ಸಂಗತಿ ಕೇಳಿದ ಅವ್ವ, "ಸೋಮವಾರ ತನಕ ಯಾರು ಕಾಯ್ತಾರ? ನಾಳಿ ಐತ್ವಾರ ಮುಂಜಾನಿ ಪೂಜಿ ಮಾಡಿಬಿಡಮ. ಮನಿ ಮತ್ತ ಎಲ್ಲಿಗ್ಯಾರ ಹೋದ್ರ ಹ್ಯಾಂಗ?" ಎಂದಳು. ಇಷ್ಟು ದಿನ ಕಲ್ಲಿನಂತೆ ನಿಂತಿದ್ದ ಮುಹೂರ್ತ ಅಷ್ಟು ಸುಲಭವಾಗಿ ಸರಿದುಕೊಂಡಿತು.

ಉಳಿದದ್ದು ಕ್ರೇನ್. ಮಹಾನಂದಾ ಬಸಲಿಂಗನಿಗೆ ಫೋನ್ ಹಚ್ಚಿ, ನನಗೂ ಕೇಳಲೆಂದು ಕಿಟಕಿಯ ಹತ್ತಿರ ಹಿಡಿದಳು.

"ಮೇಡಂ, ಕ್ರೇನ್ ರೇಟು ತೂಕದ ಮ್ಯಾಲ ಇರ್ತದ್ರಿ," ಎಂದ ಅವನು. "ಮನಿ ಖಾಲಿ ಅದೇನ್ರಿ? ಒಳಗ ಏನೇನದ ಹೇಳ್ರಿ."

"ನಲವತ್ತೆರಡು ಕುರಿ, ಒಂದು ಟಗರು, ಒಂದು ಚಾಪಿ, ನಮ್ಮ ಮನಿಯವರು."

ಫೋನಿನ ಆಚೆ ಬಸಲಿಂಗ ಕ್ಯಾಲ್ಕುಲೇಟರ್ ಒತ್ತುವ ಸದ್ದು ಕೇಳಿಸಿತು.

"ಕುರಿ ಇಳಸ್ರಿ ಮೇಡಂ, ಟಗರೂ ಇಳಸ್ರಿ. ಚಾಪಿ, ಸರ್ ಒಳಗ ಇದ್ರೂ ನಡೀತದ. ಅವರಿಂದ ರೇಟಿಗಿ ಏನೂ ಫರಕ್ ಬೀಳಂಗಿಲ್ರಿ."