ಮೊಣಕಾಲಿಗೊಂದು ನಂಬರು

ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯ ವಾಸನೆ ಬಂದರೆ ತಾಂಡೂರಿನ ಶಿವಶಂಕರಪ್ಪನವರಿಗೆ ಅಜ್ಜಿ ನೆನಪಾಗುತ್ತಿದ್ದಳು. ಮೊಣಕಾಲಿಗೆ ಆ ಎಣ್ಣೆ ತಿಕ್ಕಿಕೊಂಡು ಕೂತ ಅಜ್ಜಿಗೆ ಊಟದ ತಾಟು ಕೂತ ಮಂಚಕ್ಕೇ ಬರುತ್ತಿತ್ತು. ಆ ಸುಖ ಅವರು ಮರೆತಿರಲಿಲ್ಲ. ತಮ್ಮ ಮೊಣಕಾಲಿಗೆ ಹೊಸ ಕೀಲು ಹಾಕಿಸಿಕೊಂಡು ವರ್ಷವಾಗಿ, ನೋವು ಪೂರಾ ಹೋದ ಮೇಲೂ ದಿನಾ ಆ ಉಕ್ಕಿಗೆ ಎಣ್ಣೆ ತಿಕ್ಕಿ ನರಳುತ್ತಿದ್ದರು. ಹೆಂಡತಿ ಪ್ರೇಮಲಾ ತಾಟನ್ನು ಕುರ್ಚಿಗೆ ತಂದುಕೊಟ್ಟು, ಆಮೇಲೆ ಬುತ್ತಿ ಹಿಡಿದು ಅದೇ ಕಟ್ಟಡದ ಮೂರನೇ ಮಾಳಿಗೆ ಹತ್ತುತ್ತಿದ್ದರು. ಅಲ್ಲಿ ಒಬ್ಬಳೇ ಇದ್ದ ಬಂಡಮ್ಮನಿಗೆ ಹೋದ ವಾರವಷ್ಟೇ ಮೊಣಕಾಲಿನ ಆಪರೇಶನ್ ಆಗಿತ್ತು.

ಆ ಮಧ್ಯಾಹ್ನ ಫೋನು ಬಂತು. ಹರಟೆಗೆ ಬಂದಿದ್ದ ಪಕ್ಕದ ಮನೆಯ ರೇವಪ್ಪ ಕೇಳದೆಯೇ ಸ್ಪೀಕರ್ ಒತ್ತಿದ.

"ಕೀಲು ಬದಲಿ ಮಾಡಿಸ್ಕೊಂಡೋರ ಹೆಸರು ಬರ್ದಿಡೋ ರಾಷ್ಟ್ರೀಯ ನೋಂದಣಿಯಿಂದ ಮಾತಾಡ್ಲತ್ತೀನ್ರಿ," ಎಂದಳು ಹುಡುಗಿ. "ಒಂದು ಲಾಟಿನ ಕೀಲು ಸಡ್ಲ ಆಗ್ಲತ್ತಾವ. ನಮ್ಮ ಪಟ್ಟಿನಾಗ ನಿಮ್ಮ ಕೀಲಿನ ನಂಬರ ಅರ್ಧಾನೇ ಅದ. ದವಾಖಾನಿಯವ್ರು ಕೊಟ್ಟ ಕಾರ್ಡ್ ನೋಡಿ ಪೂರಾ ಹೇಳ್ರಿ."

ಕಾರ್ಡು ದೇವರ ಜಗಲಿಯ ಮೇಲಿತ್ತು. ಗಂಡನಿಗೆ ಕಾಲು ಕೊಟ್ಟ ಕಾರ್ಡೆಂದು ಪ್ರೇಮಲಾ ಪ್ರತಿ ಸೋಮವಾರ ವಿಭೂತಿ, ಕುಂಕುಮ ಹಚ್ಚಿ ಹಚ್ಚಿ ನಂಬರಿನ ಮೇಲೆ ಗೋಡೆಗೆ ಗಿಲಾವು ಮಾಡಿದಂತಾಗಿತ್ತು. ರೇವಪ್ಪ ಒದ್ದೆ ಬಟ್ಟೆ ಹಿಡಿದು ಉಜ್ಜತೊಡಗಿದ.

"ಅಲ್ಲಿತನಕ ಹೇಳ್ರಿ, ನೋವು ಅದೇನ್ರಿ?"

ಶಿವಶಂಕರಪ್ಪ ಹೆಂಡತಿಯತ್ತ ನೋಡಿದರು. "ಭಾಳ ಅದವ್ವಾ."

"ಹಂಗಿದ್ರ ಹೈದರಾಬಾದಿಗಿ ಬರ್ರಿ. ಲಾಟ್ ಅದೇ ಇದ್ರ ಮತ್ತ ಕೊಯ್ದು ಬದಲಿ ಮಾಡಬೇಕಾಗ್ತದ."

ಅವರ ಮುಖ ಬೆವತು ಪಾಲಿಶ್ ಮಾಡಿದ ಹಾಸುಗಲ್ಲಿನಂತೆ ಹೊಳೆಯಿತು. "ಅದು ನಿನ್ನಿ ಇತ್ತವ್ವಾ! ಇವತ್ತ ಇಲ್ಲ!"

"ಮೆಟ್ಟಲ ಹತ್ತಾಕ ಬರ್ತದೇನ್ರಿ?"

"ಓಡಿ ಹತ್ತತೀನಿ!"

"ವಜನ್ ಹೊರಾಕ?"

"ಜ್ವಾಳದ ಚೀಲ ಕೊಡವ್ವಾ, ಹೊತ್ತು ತೋರಸ್ತೀನಿ!"

"ಯಣ್ಣಾ, ಮುಂಜಾನಿ ನೀರಿನ ಚರಿಗಿ ಎತ್ತಾಕೂ ಆಗಲ್ಲ ಅಂದಿದ್ದಿ?" ಎಂದ ರೇವಪ್ಪ.

"ನೀ ಸುಮ್ಮ ಉಜ್ಜಪಾ!"

ಸಾಕ್ಷಿಗೆಂದು ಶಿವಶಂಕರಪ್ಪ ಎದ್ದು ಬಾಗಿಲ ಮುಂದಿನ ಮೆಟ್ಟಿಲನ್ನು ದಡದಡ ಹತ್ತಿ ಇಳಿದರು. ಫೋನಿನವಳಿಗೆ ಇದು ಕಾಣುವುದಿಲ್ಲವೆಂದು ಹೊಳೆದದ್ದು ಐದನೆಯ ಸಲಕ್ಕೆ. ಪ್ರೇಮಲಾರಿಗೆ ಮಾತ್ರ ಐದೂ ಸಲ ಕಂಡಿತ್ತು.

ಅಷ್ಟರಲ್ಲಿ ಕಾರ್ಡು ಸಾಫಾಯಿತು. ರೇವಪ್ಪ ನಂಬರು ಓದಿದ.

"ಇದು ಆ ಲಾಟ್ ಅಲ್ವೇ ಅಲ್ರಿ! ನಿಮಗೇನೂ ಚಿಂತಿಲ್ಲ. ಕೀಲು ಏಕದಮ್ ಛಲೋ ಅದ ಅಂತ ಬರ್ಕೊಂಡೀನಿ," ಎಂದು ಹುಡುಗಿ ಫೋನಿಟ್ಟಳು.

ಶಿವಶಂಕರಪ್ಪ ಕುರ್ಚಿಗೆ ಮರಳಿ, ಮೊಣಕಾಲು ನೀವಿಕೊಂಡು, ಸಣ್ಣಗೆ ನರಳಿ ನೋಡಿದರು. ಪ್ರೇಮಲಾ ಒಳಗೆ ಹೋದರು. ರೊಟ್ಟಿ ತಟ್ಟುವ ಸದ್ದು ಕೇಳಿತು. ಪುಂಡಿಪಲ್ಯದ ಘಮ ಬಂತು. ಸದ್ಯ, ಬದುಕಿದೆ ಎಂದುಕೊಂಡು ಅವರು ಎರಡೂ ಕೈ ಚಾಚಿದರು.

ಪ್ರೇಮಲಾ ಬಂದು, ಮೂರನೇ ಮಾಳಿಗೆಯ ಬಂಡಮ್ಮನ ಬಿಸಿ ಬುತ್ತಿಯನ್ನು ಆ ಕೈಗಳಲ್ಲಿಟ್ಟರು.