ಉಲ್ಕೆಯೊಳಗಿನ ನೇರಳೆ ಹರಳು

ನಿರ್ದೇಶಕರು: ಇದರಲ್ಲಿ ಚರ್ಚೆ ಏನ್ರೀ ಬಂತು? ನನ್ನ ಹೆಸರು ಮೊದಲು, ನಿಮ್ಮ ಹೆಸರು ಆಮೇಲೆ. ಇದು ಅಹಂಕಾರ ಅಲ್ಲ, ಪದ್ಧತಿ.

ಸಂಶೋಧಕಿ: ಸಾರ್, ಆ ಉಲ್ಕಾಶಿಲೆ ಕೊಯ್ದಿದ್ದು ನಾನು, ಉಜ್ಜಿದ್ದು ನಾನು, ಅದರೊಳಗೆ ನೇರಳೆ ಹರಳು ಕಂಡಿದ್ದೂ ನನಗೇ.

ನಿರ್ದೇಶಕರು: ಕೂತ್ಕೊಂಡು ತಾನೇ ಕಂಡಿದ್ದು? ಆ ಕುರ್ಚಿಗೆ ಮಂಜೂರಾತಿ ಕೊಟ್ಟಿದ್ದು ಯಾರು?

ಆಕಾಶದಿಂದ ಬಿದ್ದ ಕಲ್ಲುಗಳನ್ನು ಕೊಯ್ದು ನೋಡುವ ಆ ಪ್ರಯೋಗಾಲಯಕ್ಕೆ ಅವಳು ಸೇರಿದಂದಿನಿಂದ ಬರೆದ ಪ್ರಬಂಧಗಳ ಹಣೆಬರಹವೆಲ್ಲ ಇದೇ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿಯುವುದು ಅವಳು, ಮೊದಲ ಹೆಸರು ಅವರದು. ಒಂದು ಪ್ರಬಂಧವಾದರೂ ಸ್ವಂತ ಹೆಸರಿನಲ್ಲಿ ಬರದಿದ್ದರೆ ಕೆಲಸ ಕಾಯಂ ಆಗುವುದಿಲ್ಲ ಎಂದು ಆಡಳಿತ ಮಂಡಳಿ ಕಡ್ಡಿ ಮುರಿದಂತೆ ಹೇಳಿತ್ತು. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಆದರೆ ಕಾಯಂ ಆಗದವರು ಹೊಟ್ಟೆಯುರಿಯನ್ನೂ ಮೆಲುದನಿಯಲ್ಲೇ ಹೇಳಿಕೊಳ್ಳಬೇಕು.

ಸಂಶೋಧಕಿ: ಒಂದ್ಸಲ ನೀವೇ ನೋಡಿಬಿಡಿ ಸಾರ್.

ನಿರ್ದೇಶಕರು ಸೂಕ್ಷ್ಮದರ್ಶಕದ ಮುಂದೆ ಬಗ್ಗಿ ಒಂದು ಕಣ್ಣು ಮುಚ್ಚಿದರು. ಅವರು ಹೀಗೆ ಬಗ್ಗಿ ಎಷ್ಟು ಕಾಲವಾಗಿತ್ತೋ, ಸೊಂಟ ಲಟಕ್ ಎಂದಿತು.

ನಿರ್ದೇಶಕರು: ಅಬ್ಬಾ! ಏನು ಬಣ್ಣ, ಏನು ಹೊಳಪು!

ಸಂಶೋಧಕಿ: ದೀಪ ಇನ್ನೂ ಹಾಕಿಲ್ಲ ಸಾರ್.

ನಿರ್ದೇಶಕರು: ಅನುಭವ ಇದ್ದೋರಿಗೆ ದೀಪ ಯಾಕ್ರೀ?

ಅವಳು ಸ್ವಿಚ್ ಒತ್ತಿದಳು. ಬೂದು ಕಲ್ಲಿನ ನಡುವೆ, ಸಾಸಿವೆಗಿಂತ ಸಣ್ಣದಾಗಿ, ನೇರಳೆ ಬಣ್ಣದ ಹರಳೊಂದು ಕಂಡಿತು. ಈ ಜಾತಿಯ ಕಲ್ಲಿನಲ್ಲಿ ಅಂಥದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

ನಿರ್ದೇಶಕರು: ಹೊಸ ಖನಿಜ! ಅನುಮಾನವೇ ಇಲ್ಲ. ಖನಿಜಗಳಿಗೆ ಇಡೋ ಹಾಗೆ ನನ್ನ ಹೆಸರಿನ ಕೊನೆಗೂ 'ಐಟ್' ಅಂತ ಸೇರಿಸಿದ್ರೆ ಕಿವಿಗೆ ಹೇಗಿರತ್ತೆ?

ಸಂಶೋಧಕಿ: ಅದರಲ್ಲಿ ಏನೇನಿದೆ ಅಂತ ಯಂತ್ರ ಹೇಳ್ಬೇಕು ಸಾರ್. ಅದೇ ಕಲ್ಲಲ್ಲಿ ಸಿಕ್ಕ ಇಂಥದೇ ಇನ್ನೊಂದು ಹರಳು ಕಳಿಸಿದ್ದೀನಿ. ಅಲ್ಲದೆ, ಪ್ರಬಂಧ ಬರೆಯೋರು ಖನಿಜಕ್ಕೆ ತಮ್ಮ ಹೆಸರನ್ನೇ ಇಟ್ಕೊಳ್ಳೋ ರೂಢಿ ಇಲ್ಲ. ಬೇರೆಯವರು ಗೌರವದಿಂದ ಇಡ್ಬೇಕು.

ನಿರ್ದೇಶಕರು: ಅಂದ್ರೆ, ಪ್ರಬಂಧದಲ್ಲಿ ನಾನಿದ್ರೆ ಕಲ್ಲಿನಲ್ಲಿ ನಾನಿಲ್ಲ?

ಸಂಶೋಧಕಿ: ಇಲ್ಲ ಸಾರ್.

ನಿರ್ದೇಶಕರು: ಒಂದು ಪ್ರಬಂಧ ಎಷ್ಟು ದಿನ ಬಾಳತ್ತೆ?

ಸಂಶೋಧಕಿ: ಇನ್ನೊಬ್ಬರು ಅದನ್ನ ತಪ್ಪು ಅನ್ನೋವರೆಗೆ.

ನಿರ್ದೇಶಕರು: ಖನಿಜ?

ಸಂಶೋಧಕಿ: ಈಗಾಗ್ಲೇ ನಾನೂರೈವತ್ತು ಕೋಟಿ ವರ್ಷ ಬಾಳಿದೆ.

ನಿರ್ದೇಶಕರ ಮುಖದಲ್ಲಿ ತ್ಯಾಗದ ಕಳೆ ಮೂಡಿತು. ಅವರು ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಫೋನ್ ಹಚ್ಚಿದರು.

ನಿರ್ದೇಶಕರು: ನಮಸ್ಕಾರ ಅಧ್ಯಕ್ಷರೇ. ಉಲ್ಕೆ ಪ್ರಬಂಧದಿಂದ ನನ್ನ ಹೆಸರು ತೆಗೀತಿದ್ದೀನಿ... ಇಲ್ಲ ಇಲ್ಲ, ಆರೋಗ್ಯ ಚೆನ್ನಾಗೇ ಇದೆ. ಕಿರಿಯರು ಮುಂದೆ ಬರಲಿ ಅಂತ!

ಸಂಶೋಧಕಿ: ಅವಸರ ಬೇಡ ಸಾರ್. ಆ ಹರಳಿನೊಳಗೆ ಇನ್ನೊಂದು ವಿಚಿತ್ರ—

ನಿರ್ದೇಶಕರು: ತಡೀರಿ. ತ್ಯಾಗ ಮಾಡೋವಾಗ ಮಧ್ಯೆ ಬಾಯಿ ಹಾಕ್ಬಾರ್ದು.

ಅಷ್ಟರಲ್ಲಿ ಯಂತ್ರ ನಡೆಸುವವನು ಒಳಗೆ ಬಂದ. ಇವನು ನಿರ್ದೇಶಕರ ಹೆಂಡತಿಯ ತಮ್ಮ. ಅಕ್ಕನ ಮದುವೆಯ ಬೆನ್ನಲ್ಲೇ ಇವನಲ್ಲಿ ವಿಜ್ಞಾನದ ಪ್ರತಿಭೆ ಇರುವುದು ಪ್ರಯೋಗಾಲಯದ ಗಮನಕ್ಕೆ ಬಂದಿತ್ತು.

ಭಾವಮೈದುನ: ಭಾವ, ಫಲಿತಾಂಶ ಬಂತು!

ನಿರ್ದೇಶಕರು: ಆಫೀಸಲ್ಲಿ ಸಾರ್ ಅನ್ನು ಅಂತ ಎಷ್ಟು ಸಲ ಬಡ್ಕೊಳ್ಳಲಿ?

ಭಾವಮೈದುನ: ಸಾರಿ ಭಾವ. ಸೋಡಿಯಂ ಇದೆ, ಕ್ಲೋರಿನ್ ಇದೆ.

ನಿರ್ದೇಶಕರು: ಆಮೇಲೆ?

ಭಾವಮೈದುನ: ಆಮೇಲೆ ಏನೂ ಇಲ್ಲ. ಉಪ್ಪು.

ನಿರ್ದೇಶಕರು: ಎಂಥಾ ಉಪ್ಪು?

ಭಾವಮೈದುನ: ಅಡುಗೆಮನೆ ಡಬ್ಬೀಲಿ ಇರತ್ತಲ್ಲ, ಅದೇ.

ನಿರ್ದೇಶಕರು: ಉಪ್ಪಿಗೆ ನನ್ನ ಹೆಸರಾ! ಯಾರ್ರೀ ಇಲ್ಲಿ ಊಟದ ಡಬ್ಬಿ ತೆರೆದಿದ್ದು?

ಸಂಶೋಧಕಿ: ಡಬ್ಬಿಯ ಉಪ್ಪು ಕಲ್ಲಿನ ಹೊಟ್ಟೆಗೆ ಹೇಗೆ ಹೋಗತ್ತೆ ಸಾರ್? ಇದು ಕಲ್ಲಿನ ಜೊತೆಗೇ ಬಂದಿದ್ದು. ಬಾಹ್ಯಾಕಾಶದ ವಿಕಿರಣಕ್ಕೆ ಸಿಕ್ಕಿ ನೇರಳೆ ಆಗಿದೆ. ನಾವು ಯಾವಾಗ್ಲೂ ನೀರು ಬಿಟ್ಕೊಂಡು ಕೊಯ್ತೀವಲ್ಲ, ಹಾಗೆ ಮಾಡಿದ್ರೆ ಕರಗಿ ಹೋಗ್ತಿತ್ತು. ಈ ಸಲ ನೀರು ಮುಟ್ಟಿಸದೆ ಕೊಯ್ದೆ.

ನಿರ್ದೇಶಕರು: ನಿಯಮ ಬೇರೆ ಮುರಿದಿದ್ದೀರಾ!

ಭಾವಮೈದುನ: ಭಾವ, ನೀವು 'ಐಟ್' ಅಂದಿದ್ದು ಬಾಗಿಲ ಹತ್ರ ಕೇಳಿಸ್ತು. ಅಕ್ಕಂಗೆ ಫೋನ್ ಮಾಡಿ ಹೇಳಿಬಿಟ್ಟೆ.

ನಿರ್ದೇಶಕರು: ಉಪ್ಪು ಅಂತ ಗೊತ್ತಿದ್ದೂ?

ಭಾವಮೈದುನ: ಅಕ್ಕಂಗೆ ಖುಷಿಯಾಗ್ಲಿ ಅಂತ. ಈಗ ನೆಂಟರಿಗೆಲ್ಲ ಹೇಳ್ತಾ ಇದ್ದಾಳೆ.

ಊರೆಲ್ಲ ನಗುವ ಮುಂಚೆ ಕೈ ತೊಳೆದುಕೊಳ್ಳಬೇಕೆಂದು ನಿರ್ದೇಶಕರು ಮತ್ತೆ ಫೋನ್ ಹಿಡಿದರು.

ನಿರ್ದೇಶಕರು: ಅಧ್ಯಕ್ಷರೇ, ಆ ಕಲ್ಲಿಗೂ ನನಗೂ ಯಾವ ಸಂಬಂಧವೂ ಇಲ್ಲ. ಕೊಯ್ದೋರು ಅವರು, ನೋಡಿದೋರು ಅವರು, ನಿಯಮ ಮುರಿದೋರೂ ಅವರೇ. ಒಬ್ಬರೇ! ನಾನು ಆ ಕಡೆ ತಲೆ ಹಾಕಿ ಕೂಡ ಮಲಗಿಲ್ಲ!

ಇಷ್ಟು ವರ್ಷಗಳಲ್ಲಿ ಯಾರು ಏನು ಮಾಡಿದರು ಎಂಬ ಸತ್ಯ ಅವರ ಬಾಯಿಂದ ಹೊರಬಿದ್ದದ್ದು ಇದೇ ಮೊದಲು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಬಂದ ನಗುವನ್ನು ಕೆಮ್ಮಾಗಿ ಬದಲಾಯಿಸಬೇಕಾಯಿತು.

ಸಂಶೋಧಕಿ: ಆಗಿನಿಂದ ಹೇಳೋಣ ಅಂತಿದ್ದೆ ಸಾರ್. ಹರಳಿನ ನಡುವೆ ನೋಡಿ. ದೀಪ ಹಾಕಿದೆ.

ನಿರ್ದೇಶಕರು: ಏನೋ ಗುಳ್ಳೆ... ಅರೆ, ಅಲ್ಲಾಡ್ತಿದೆ!

ಸಂಶೋಧಕಿ: ಸುತ್ತ ನೀರಿದೆ ಸಾರ್. ಅದಕ್ಕೇ ಓಡಾಡ್ತಿದೆ.

ನಿರ್ದೇಶಕರು: ಈ ಜಾತಿ ಕಲ್ಲು ಒಣಕಲು ಅಲ್ವಾ?

ಸಂಶೋಧಕಿ: ಅದೇ ಸೋಜಿಗ. ಕಲ್ಲು ಇನ್ನೂ ಆಕಾಶದಲ್ಲಿದ್ದಾಗ್ಲೇ ಈ ಉಪ್ಪು ಬೇರೆಲ್ಲಿಂದಲೋ ಬಂದು ಅದರೊಳಗೆ ಸೇರ್ಕೊಂಡಿದೆ, ಬರೋವಾಗ ನೀರನ್ನೂ ಹೊಟ್ಟೇಲಿ ಇಟ್ಕೊಂಡು ಬಂದಿದೆ. ಸೌರಮಂಡಲ ಹುಟ್ಟಿದ ಕಾಲದ ನೀರು.

ನಿರ್ದೇಶಕರು ಕಣ್ಣು ಕೀಳದೆ ನೋಡಿಯೇ ನೋಡಿದರು.

ಭಾವಮೈದುನ: ಭಾವ, ಇದು ಹೊಸ ಖನಿಜಕ್ಕಿಂತ ದೊಡ್ಡ ಸುದ್ದಿನಾ?

ನಿರ್ದೇಶಕರು: ಬಾಯಿ ಮುಚ್ಚು.

ಅವರ ಕೈ ಮೂರನೇ ಸಲ ಫೋನಿನ ಕಡೆಗೆ ಹೋಗಿ ವಾಪಸು ಬಂತು. ಅವರು ಅವಳ ಕಡೆ ತಿರುಗಿದಾಗ ದನಿಗೆ ಜೇನು ಸವರಿತ್ತು.

ನಿರ್ದೇಶಕರು: ನೋಡಮ್ಮಾ, ನೀನು ನನಗೆ ಮಗಳಿದ್ದ ಹಾಗೆ. ಮೊದಲ ಹೆಸರು ನಿಂದೇ ಇರಲಿ. ಎರಡನೇದು...?

ಸಂಶೋಧಕಿ: ಅಧ್ಯಕ್ಷರಿಗೆ ಎರಡೆರಡು ಸಲ ಹೇಳಿದ್ದೀರಿ ಸಾರ್. ಈಗ ಸೇರಿಸಿದ್ರೆ ನಿಮ್ಮ ಮಾತಿಗೆ ಏನು ಬೆಲೆ ಉಳಿಯತ್ತೆ?

ನಿರ್ದೇಶಕರು: ಕೊನೇಪಕ್ಷ, ಕೃತಜ್ಞತೆ ಹೇಳೋ ಜಾಗದಲ್ಲಿ?

ಸಂಶೋಧಕಿ: ಅಯ್ಯೋ, ಅದು ಖಂಡಿತ ಸಾರ್. ಮನಸಾರೆ ಬರೀತೀನಿ: 'ಈ ಕೆಲಸದಿಂದ ಸಂಪೂರ್ಣವಾಗಿ ದೂರ ಉಳಿದು ನೆರವಾದ ನಿರ್ದೇಶಕರಿಗೆ ಕೃತಜ್ಞತೆಗಳು.'